ಕೇಳಿದ್ದು ಸೂರು, ಸಿಕ್ಕಿದ್ದು ಸೆರೆಮನೆ: ಕಾನೂನಿನೊಂದಿಗೆ ಸ್ತ್ರೀವಾದದ ಬಗೆಹರಿಯದ ವ್ಯಾಜ್ಯ

2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎಂಟು ದಿನಗಳ ಅಂತರದಲ್ಲಿ ಎರಡು ತೀರ್ಪುಗಳನ್ನು ನೀಡಿತು. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠವು ಹಿಜಾಬ್ ಧರಿಸುವುದು ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಎಂದು ಹೇಳಿ, ಸಮವಸ್ತ್ರ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ 23ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಏಕಸದಸ್ಯ ಪೀಠವು, ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಗಂಡನ ವಿರುದ್ಧದ ಮೊಕದ್ದಮೆಯನ್ನು ರದ್ದುಪಡಿಸಲು ಒಪ್ಪಲಿಲ್ಲ. ಗಂಡಸು ಗಂಡಸೇ, ಕೃತ್ಯ ಕೃತ್ಯವೇ, ಅತ್ಯಾಚಾರ ಅತ್ಯಾಚಾರವೇ, ಗಂಡ ಹೆಂಡತಿಯ ಮೇಲೆ ಎಸಗಿದರೂ ಅದು ಅಷ್ಟೇ ಎಂಬ ಅರ್ಥದ ಆ ತೀರ್ಪಿನ ಮಾತು ದೇಶದ ತುಂಬ ಸುದ್ದಿಯಾಯಿತು.

ಎರಡೂ ಪ್ರಕರಣಗಳಲ್ಲಿ ಹೆಣ್ಣುಮಕ್ಕಳೇ ಕಾನೂನಿನ ಬಾಗಿಲು ತಟ್ಟಿದ್ದರು. ಉಡುಪಿಯ ವಿದ್ಯಾರ್ಥಿನಿಯರು ಕೇಳಿದ್ದು ತರಗತಿಯಲ್ಲಿ ಕೂರಲು ಅವಕಾಶ. ನ್ಯಾಯಾಲಯ ತನ್ನ ಮುಂದೆ ಮೊದಲು ಇಟ್ಟುಕೊಂಡ ಪ್ರಶ್ನೆ ಮಾತ್ರ ಬೇರೆ: ಧರ್ಮಗ್ರಂಥದ ಪ್ರಕಾರ ಇದು ಕಡ್ಡಾಯವೋ ಅಲ್ಲವೋ? ಅಭಿವ್ಯಕ್ತಿ ಸ್ವಾತಂತ್ರ್ಯದ ವಾದವೂ ಖಾಸಗಿತನದ ವಾದವೂ ಅವರ ಕಡೆಯಿಂದ ಬಂದಿದ್ದವು. ಆದರೂ ಹದಿನೇಳು ಹದಿನೆಂಟರ ಹುಡುಗಿಯರ ಓದಿನ ವಿಷಯ ಶಾಸ್ತ್ರಾರ್ಥದ ಚರ್ಚೆಯಾಗಿ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಹಿಜಾಬಿನ ಕಾರಣಕ್ಕೆ ಓದು ತಪ್ಪಿಸಿ ನಾವು ಆ ಹುಡುಗಿಯ ಬದುಕನ್ನು ಉತ್ತಮಪಡಿಸುತ್ತಿದ್ದೇವೆಯೇ ಎಂದು ಕೇಳಿದರು. ಹುಡುಗಿಯರು ಮೊದಲಿನಿಂದ ಕೇಳುತ್ತಿದ್ದುದಕ್ಕೆ ಹತ್ತಿರದ ಪ್ರಶ್ನೆ ಅದು. ಇನ್ನೊಂದು ಪ್ರಕರಣದ ಹೆಂಡತಿಯ ಮಾತನ್ನು ಹೈಕೋರ್ಟ್ ಹೆಚ್ಚುಕಡಿಮೆ ಅವಳ ಮಾತಾಗಿಯೇ ಕೇಳಿಸಿಕೊಂಡಿತ್ತು. ಅದೇ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಹೀಗೆ ಒಂದೇ ತಿಂಗಳಲ್ಲಿ ಒಂದೇ ನ್ಯಾಯಾಲಯ ಎರಡು ಮುಖ ತೋರಿದಾಗ, ಕಾನೂನು ಹೆಣ್ಣಿನ ಪರವೋ ವಿರುದ್ಧವೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲಾಗದು. ಸ್ತ್ರೀವಾದಿ ಚಿಂತನೆ ಕಳೆದ ನಾಲ್ಕು ದಶಕಗಳಿಂದ ಈ ಇಬ್ಬಂದಿಯಲ್ಲೇ ಬೆಳೆದಿದೆ. ಸ್ತ್ರೀವಾದಿಗಳು ಒಮ್ಮೆ ಕಾನೂನು ಬೇಕು ಎನ್ನುತ್ತಾರೆ, ಮತ್ತೊಮ್ಮೆ ಕಾನೂನೇ ತೊಡಕು ಎನ್ನುತ್ತಾರೆ, ಇವರಿಗೆ ಏನು ಬೇಕೆಂದು ಇವರಿಗೇ ತಿಳಿಯದು ಎಂಬ ದೂರು ಆಗಾಗ ಕೇಳಿಬರುತ್ತದೆ. ಆ ದೂರನ್ನು ನಾನು ಒಪ್ಪುವುದಿಲ್ಲ. ಈ ಇಬ್ಬಂದಿಯ ಹಿಂದೆ ಗೊಂದಲಕ್ಕಿಂತ ಹೆಚ್ಚಾಗಿ ಲೆಕ್ಕವಿದೆ, ಅನುಭವದಿಂದ ಬಂದ ಲೆಕ್ಕ. ಶಿಕ್ಷೆ ಕೇಳಿದಾಗ ಪ್ರಭುತ್ವ ಚುರುಕಾಗುತ್ತದೆ. ಮನೆ, ಜಮೀನು, ಜೀವನಾಂಶ ಕೇಳಿದಾಗ ಕಡತ ಮಲಗುತ್ತದೆ. ಈ ಎರಡು ವೇಗಗಳ ನಡುವಿನ ಅಂತರವೇ ಇಲ್ಲಿನ ಮುಖ್ಯ ವಿಷಯ.

ಸ್ಟವ್ ಸಿಡಿಯಿತು ಎಂಬ ಷರಾ

ಅಮೆರಿಕದ ಕಾನೂನು ಚಿಂತಕಿ ಕ್ಯಾಥರೀನ್ ಮೆಕಿನನ್ 1970ರ ದಶಕದ ಕೊನೆಯಲ್ಲಿ, ಕೆಲಸದ ಜಾಗದ ಲೈಂಗಿಕ ಕಿರುಕುಳವನ್ನು ಲಿಂಗ ತಾರತಮ್ಯವೆಂದೇ ಪರಿಗಣಿಸಬೇಕೆಂದು ವಾದಿಸಿದರು. ಅಲ್ಲಿಯವರೆಗೆ ಅದು ಯಾರೋ ಒಬ್ಬ ಮೇಲಧಿಕಾರಿಯ ಕೆಟ್ಟ ಚಾಳಿ ಮಾತ್ರವಾಗಿತ್ತು. 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಿತು. ಹೆಸರೇ ಇಲ್ಲದ ನೋವಿಗೆ ಕಾನೂನು ಹೆಸರು ಕೊಟ್ಟಿತು. ಕಾನೂನಿನ ಮೇಲೆ ಸ್ತ್ರೀವಾದಿಗಳು ಇಟ್ಟ ಭರವಸೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಕಾನೂನು ಹೆಣ್ಣನ್ನು ನೋಡುವುದು ಗಂಡಸು ನೋಡುವ ಕಣ್ಣಿನಿಂದಲೇ, ತಾನು ತಟಸ್ಥ ಎಂದು ಹೇಳಿಕೊಳ್ಳುವಾಗಲೇ ಅದು ಹೆಚ್ಚು ಪಕ್ಷಪಾತಿಯಾಗಿರುತ್ತದೆ ಎಂದವರೂ ಮೆಕಿನನ್ ಅವರೇ. ಅವರು ಪ್ರತಿಪಾದಿಸಿದ ಅಶ್ಲೀಲ ಸಾಹಿತ್ಯ ವಿರೋಧಿ ವಾದದ ಛಾಯೆಯಲ್ಲಿ 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೆಣ್ಣಿಗಾಗುವ ಹಾನಿಯನ್ನು ಅಳತೆಗೋಲಾಗಿ ಸ್ವೀಕರಿಸಿತು. ಅದಾದ ಮೇಲೆ ಪೊಲೀಸರು ಮೊದಲು ಹೋಗಿ ನಿಂತದ್ದು ಟೊರಾಂಟೊದ ಸಲಿಂಗಿಗಳ ಪುಸ್ತಕದಂಗಡಿಯ ಮುಂದೆ, ಮಹಿಳೆಯರೇ ಮಹಿಳೆಯರಿಗಾಗಿ ತರುತ್ತಿದ್ದ ಪತ್ರಿಕೆಯೊಂದರ ವಿರುದ್ಧ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಕರೋಲ್ ಸ್ಮಾರ್ಟ್ 1989ರಲ್ಲಿ ಇನ್ನೂ ಮೂಲಕ್ಕೆ ಇಳಿದರು. ಅವರ ಪ್ರಕಾರ ಕಾನೂನಿನ ನಿಜವಾದ ಬಲ ಅದು ಕೊಡುವ ಶಿಕ್ಷೆಯಲ್ಲಿಲ್ಲ. ಸತ್ಯ ಯಾವುದೆಂದು ತೀರ್ಮಾನಿಸುವ ಅಧಿಕಾರ ತನ್ನದು ಎಂಬ ಅದರ ಪಟ್ಟಿನಲ್ಲಿದೆ. ನ್ಯಾಯಾಲಯದೊಳಗೆ ಹೋದ ಅನುಭವ ಅಲ್ಲಿನ ಭಾಷೆಗೆ ಒಗ್ಗಿಕೊಳ್ಳಬೇಕು. ಒಗ್ಗದೆ ಉಳಿದದ್ದು ನಡೆದೇ ಇಲ್ಲ ಎಂದಾಗುತ್ತದೆ.

ಇದು ದೂರದ ಸಿದ್ಧಾಂತವೆನಿಸಿದರೆ ಬೆಂಗಳೂರಿನದೇ ಸಂಗತಿಯನ್ನು ನೋಡಬಹುದು. 1990ರ ದಶಕದಲ್ಲಿ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ಅಲ್ಲಿ ಸಾಯುತ್ತಿದ್ದ ಯುವತಿಯರ ವಿವರ ಬರೆದುಕೊಳ್ಳತೊಡಗಿದರು. ಪೊಲೀಸ್ ದಾಖಲೆಗಳಲ್ಲಿ ಮತ್ತೆ ಮತ್ತೆ ಒಂದೇ ಷರಾ: ಅಡುಗೆ ಮಾಡುವಾಗ ಸ್ಟವ್ ಸಿಡಿಯಿತು. ಮದುವೆಯಾಗಿ ಕೆಲವೇ ವರ್ಷಗಳಾದ ಸೊಸೆಯಂದಿರ ಕೈಯಲ್ಲೇ ಸ್ಟವ್ ಇಷ್ಟೊಂದು ಸಿಡಿಯುವುದೇಕೆ? ಅತ್ತೆಯ ಕೈಯಲ್ಲಿ ಸಿಡಿಯದ ಸ್ಟವ್ ಸೊಸೆಯ ಕೈಯಲ್ಲಿ ಮಾತ್ರ ಹೇಗೆ ಸಿಡಿಯುತ್ತದೆ? ಮರಣಪೂರ್ವ ಹೇಳಿಕೆ ಎಂಬುದು ಕಾನೂನಿನ ದೃಷ್ಟಿಯಲ್ಲಿ ಬಲವಾದ ಸಾಕ್ಷ್ಯ. ಸಾಯುವವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಹಾಸಿಗೆಯ ಪಕ್ಕ ಗಂಡನ ಮನೆಯವರು ನಿಂತಿರುವಾಗ, ಹಾಲು ಕುಡಿಯುವ ಮಗು ಅವರದೇ ಮನೆಯಲ್ಲಿರುವಾಗ, ಆ ಹೆಣ್ಣು ಯಾರ ಹೆಸರು ಹೇಳುತ್ತಾಳೆ? ಸ್ಟವ್ ಸಿಡಿಯಿತು ಎಂದು ಹೇಳಿ ಅವಳು ಕಣ್ಣು ಮುಚ್ಚಿದರೆ, ಕಾನೂನಿನ ಮಟ್ಟಿಗೆ ಅದೇ ಸತ್ಯ, ಕಡತ ಮುಕ್ತಾಯ. ಸ್ಮಾರ್ಟ್ ಹೇಳುವ ಸತ್ಯದ ಅಧಿಕಾರ ಇಲ್ಲಿ ಕೆಲಸ ಮಾಡುವುದನ್ನು ಕಾಣಲು ಯಾವ ಗ್ರಂಥವೂ ಬೇಕಾಗಿಲ್ಲ.

2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರ ಪ್ರಕರಣವೊಂದರಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ನೀಡುತ್ತಾ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ವಿವರಣೆ ಭಾರತೀಯ ಮಹಿಳೆಗೆ ತಕ್ಕದ್ದಲ್ಲ ಎಂದು ಬರೆದಿತ್ತು. ಟೀಕೆಗಳು ಬಂದ ಮೇಲೆ ಆ ಸಾಲನ್ನು ಆದೇಶದಿಂದ ತೆಗೆದುಹಾಕಲಾಯಿತು. ಸಾಲು ಹೋಯಿತು. ನೊಂದ ಹೆಣ್ಣು ಹೀಗೆಯೇ ನಡೆದುಕೊಳ್ಳಬೇಕು ಎಂಬ ಅಚ್ಚು ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ.

ಅಮೆರಿಕದ ರಾಜಕೀಯ ಚಿಂತಕಿ ವೆಂಡಿ ಬ್ರೌನ್ 1990ರ ದಶಕದಲ್ಲಿ ಎತ್ತಿದ ಆಕ್ಷೇಪ ಇದರ ಮುಂದಿನ ಹೆಜ್ಜೆ. ಗಾಯವನ್ನು ತೋರಿಸಿಯೇ ಹಕ್ಕು ಪಡೆಯಬೇಕಾದರೆ ಹೆಣ್ಣಿನ ಗುರುತು ಆ ಗಾಯಕ್ಕೇ ಅಂಟಿಕೊಳ್ಳುತ್ತದೆ, ರಕ್ಷಣೆ ಕೊಡುವ ಪ್ರಭುತ್ವ ಹೊಸ ಯಜಮಾನನಾಗುತ್ತದೆ ಎನ್ನುತ್ತಾರೆ ಅವರು. ಹೀಗಿದ್ದರೂ ಹಕ್ಕುಗಳನ್ನು ಬೇಡವೆನ್ನಲು ಅವರಿಗೂ ಆಗುವುದಿಲ್ಲ. ಬೇಡವೆನ್ನಲಾಗದ್ದು ಎಂದು ಸಾಹಿತ್ಯ ಚಿಂತಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಬಳಸಿದ ಮಾತನ್ನೇ ಬ್ರೌನ್ ಹಕ್ಕುಗಳಿಗೆ ಅನ್ವಯಿಸಿದರು. ನಮ್ಮಲ್ಲಿ ಸ್ತ್ರೀವಾದಿ ಚಿಂತಕಿ ನಿವೇದಿತಾ ಮೆನನ್ ಈ ವಾದವನ್ನು ಭಾರತದ ಅನುಭವದ ಮೇಲೆ ಕಟ್ಟಿದ್ದಾರೆ. ಅವರು ಕೊಡುವ ಉದಾಹರಣೆಗಳಲ್ಲಿ ಹೆಣ್ಣುಭ್ರೂಣ ಹತ್ಯೆಯದು ನನಗೆ ಬಹಳ ತೀಕ್ಷ್ಣವಾಗಿ ಕಾಣುತ್ತದೆ. ಗರ್ಭಪಾತ ಹೆಣ್ಣಿನ ಹಕ್ಕು ಎನ್ನುವವರೇ ಲಿಂಗಪತ್ತೆಯ ನಂತರದ ಗರ್ಭಪಾತವನ್ನು ತಡೆಯಿರಿ ಎಂದು ಪ್ರಭುತ್ವವನ್ನು ಕರೆಯಬೇಕಾಗುತ್ತದೆ. 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ಜಾಲ ಬಯಲಾದಾಗ ಇಡೀ ರಾಜ್ಯ ಬೆಚ್ಚಿತು. ಲಿಂಗಪತ್ತೆ ನಿಷೇಧದ ಕಾಯಿದೆ ಬಂದದ್ದು 1994ರಲ್ಲಿ. ಸುಮಾರು ಮೂವತ್ತು ವರ್ಷ ಜಾರಿಯಲ್ಲಿದ್ದ ಕಾನೂನನ್ನು ಬೆಲ್ಲ ಮಾಡುವ ಗುಡಿಸಲಿನಲ್ಲಿ ಸೋಲಿಸಿದ್ದು, ಗಂಡೇ ಬೇಕೆಂಬ ಆಸೆ. ಆ ಆಸೆಗೆ ಕಾರಣವಾದ ವರದಕ್ಷಿಣೆಯನ್ನೂ ಹೆಣ್ಣಿಗೆ ಸಿಗದ ಜಮೀನನ್ನೂ ಮುಟ್ಟದೆ ಯಂತ್ರಕ್ಕೆ ಬೀಗ ಜಡಿದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯವೇ ಉತ್ತರ.

ಬೇಡಿಕೆಯಲ್ಲಿ ಆಯ್ದುಕೊಂಡದ್ದು ಯಾವುದು

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಿದ ಲಕ್ಷಣವಿಲ್ಲ ಎಂದು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ಮಥುರಾ ಪ್ರಕರಣವೆಂದು ಇತಿಹಾಸ ಸೇರಿದ ಈ ತೀರ್ಪಿನ ವಿರುದ್ಧ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಠಾಣೆಯೊಳಗೆ, ಸಮವಸ್ತ್ರದವರ ಎದುರು, ಬಡ ಆದಿವಾಸಿ ಹುಡುಗಿ ಸುಮ್ಮನಿದ್ದದ್ದು ಸಮ್ಮತಿಯೇ ಎಂಬುದು ಆ ಪತ್ರದ ಸಾರ. ಅಲ್ಲಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ಬದಲಾಯಿತು. ಅಧಿಕಾರಸ್ಥರ ವಶದಲ್ಲಿ ನಡೆಯುವ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು. ಅಂಥ ಪ್ರಕರಣಗಳಲ್ಲಿ ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕು ಎಂಬ ನಿಯಮ ಬಂತು. ದೊಡ್ಡ ಗೆಲುವು ಅದು. ಜೊತೆಗೆ ಶಿಕ್ಷೆಯೂ ಹೆಚ್ಚಾಯಿತು. ಠಾಣೆಯೆಂಬ ಜಾಗದ ಅಧಿಕಾರ ಮಾತ್ರ ಕಡಿಮೆಯಾಗಲಿಲ್ಲ.

2012ರ ಡಿಸೆಂಬರ್ 16ರ ದೆಹಲಿ ಘಟನೆಯ ನಂತರ ಇದೇ ಕಥೆ ಇನ್ನೂ ಸ್ಪಷ್ಟವಾಗಿ ನಡೆಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ನೇತೃತ್ವದಲ್ಲಿ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ ಅವರಿದ್ದ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. ಸುಮಾರು 80,000 ಸಲಹೆಗಳು ಅದಕ್ಕೆ ಬಂದಿದ್ದವು. ಮರಣದಂಡನೆ ಬೇಡ ಎಂದಿತು ಸಮಿತಿ. ದಾಂಪತ್ಯದೊಳಗಿನ ಅತ್ಯಾಚಾರಕ್ಕೆ ಇರುವ ವಿನಾಯಿತಿ ತೆಗೆಯಿರಿ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಇರುವ ಕಡೆಗಳಲ್ಲಿ ಲೈಂಗಿಕ ಅಪರಾಧ ಎಸಗಿದ ಸೈನಿಕನಿಗೆ ರಕ್ಷಣೆ ಕೊಡಬೇಡಿ, ಪೊಲೀಸ್ ವ್ಯವಸ್ಥೆಯನ್ನು ಸುಧಾರಿಸಿ ಎಂದಿತು. 2013ರ ಫೆಬ್ರವರಿ 3ರಂದು ಹೊರಬಿದ್ದ ಸುಗ್ರೀವಾಜ್ಞೆಯಲ್ಲಿ ಮರಣದಂಡನೆ ಇತ್ತು. ವಿನಾಯಿತಿ ಹಾಗೆಯೇ ಇತ್ತು. ಸಶಸ್ತ್ರ ಪಡೆಗಳ ವಿಶೇಷಾಧಿಕಾರದ ಕಾಯಿದೆಯನ್ನು ಅದು ಮುಟ್ಟಲಿಲ್ಲ. ಹಿಂಬಾಲಿಸುವುದು, ಕದ್ದುನೋಡುವುದು, ಆಸಿಡ್ ದಾಳಿ ಪ್ರತ್ಯೇಕ ಅಪರಾಧಗಳಾದವು ಎಂಬುದನ್ನು ಮರೆಯಬಾರದು, ಅವೂ ಬೇಕಾಗಿದ್ದವು. ಆದರೂ ಪ್ರಭುತ್ವ ಆಯ್ದುಕೊಂಡದ್ದು ತನ್ನ ದಂಡನಾಶಕ್ತಿ ಹೆಚ್ಚಿಸುವ ಶಿಫಾರಸುಗಳನ್ನು, ಬಿಟ್ಟದ್ದು ತನ್ನ ಅಧಿಕಾರವನ್ನೂ ಗಂಡನ ಅಧಿಕಾರವನ್ನೂ ಪ್ರಶ್ನಿಸುವವನ್ನು.

ಇದು ಬೆಳೆದು ಎಲ್ಲಿಗೆ ಮುಟ್ಟಿತು? 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಎರಚಿದರು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಹೇಳಿತು. ಮಥುರಾ ಪ್ರಕರಣದಲ್ಲಿ ಪೊಲೀಸ್ ಠಾಣೆಯ ಭಯದ ವಿರುದ್ಧ ಎದ್ದ ದನಿ, ನಲವತ್ತು ವರ್ಷಗಳ ನಂತರ ಪೊಲೀಸ್ ಬಂದೂಕಿನ ಸಮರ್ಥನೆಗೆ ಬಳಕೆಯಾಯಿತು. ಸೆರೆಮನೆಯನ್ನು ನೆಚ್ಚಿದ ಸ್ತ್ರೀವಾದದ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಬರ್ನ್‌ಸ್ಟೀನ್ ಮುಂತಾದವರು ಎಚ್ಚರಿಸುತ್ತಾ ಬಂದಿರುವುದು ಇಂಥದ್ದಕ್ಕೇ. ಆ ಎನ್‌ಕೌಂಟರನ್ನು ಆ ದಿನಗಳಲ್ಲೇ ಗಟ್ಟಿಯಾಗಿ ಖಂಡಿಸಿದವರಲ್ಲಿ ಮಹಿಳಾ ಹೋರಾಟಗಾರರು ಮುಂದಿದ್ದರು ಎಂಬುದನ್ನು ಹೇಳಲೇಬೇಕು.

ಒಂದೇ ಬಾಗಿಲು ತೆರೆದರೆ

ವರದಕ್ಷಿಣೆ ಕಿರುಕುಳಕ್ಕೆ ಸಂಬಂಧಿಸಿದ 498ಎ ಕಲಂ ಬಂದದ್ದೂ 1983ರಲ್ಲೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. 2005ರಲ್ಲಿ ಸುಪ್ರೀಂ ಕೋರ್ಟ್ ಅದರ ಸಿಂಧುತ್ವವನ್ನು ಎತ್ತಿಹಿಡಿಯುತ್ತಲೇ ದುರುಪಯೋಗದಿಂದ ಕಾನೂನು ಭಯೋತ್ಪಾದನೆ ಹುಟ್ಟಬಹುದು ಎಂದಿತು. 2014ರಲ್ಲಿ ಯಾಂತ್ರಿಕ ಬಂಧನ ಬೇಡ ಎಂದಿತು. 2017ರಲ್ಲಿ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳು ನೋಡಲಿ ಎಂದು ಹೇಳಿ, ಮರುವರ್ಷ ಅದನ್ನು ಹಿಂತೆಗೆದುಕೊಂಡಿತು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಟೆಕ್ಕಿಯೊಬ್ಬರ ಆತ್ಮಹತ್ಯೆಯ ನಂತರ ಈ ಕಲಮೇ ಬೇಡ ಎಂಬ ಕೂಗು ಮತ್ತೆ ಎದ್ದಿತು. ಒಂದು ಸಾವಿನ ದುಃಖವನ್ನು ಹಗುರ ಮಾಡದೆ, ಹೆಂಗಸರು ಈ ಕಲಮಿಗೇ ಏಕೆ ಹೋಗುತ್ತಾರೆ ಎಂದು ಕೇಳಬೇಕಾಗಿದೆ.

ಗಂಡನ ಮನೆಯಿಂದ ಹೊರಬಿದ್ದ ಹೆಣ್ಣಿಗೆ ಮೊದಲು ಬೇಕಾಗುವುದು ತಲೆಯ ಮೇಲೊಂದು ಸೂರು, ಕೈಯಲ್ಲಿ ಕಾಸು, ತವರಿನಿಂದ ತಂದ ಒಡವೆ, ಮಗುವಿನ ಶಾಲೆಯ ಫೀಸು. ಇವನ್ನೆಲ್ಲ ಕೊಡಲೆಂದೇ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಬಂತು. ಇಂದಿರಾ ಜೈಸಿಂಗ್ ಮೊದಲಾದ ವಕೀಲೆಯರ ವರ್ಷಗಳ ದುಡಿಮೆ ಅದರ ಹಿಂದಿದೆ. ಗಂಡನನ್ನು ಜೈಲಿಗೆ ಕಳಿಸುವುದು ಅದರ ಮೊದಲ ಗುರಿಯಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ಅದರಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎನ್ನುತ್ತದೆ ಆ ಕಾಯಿದೆ. ಮೂರು ದಿನಗಳೊಳಗೆ ಮೊದಲ ವಿಚಾರಣೆ, ಅರವತ್ತು ದಿನಗಳೊಳಗೆ ಅರ್ಜಿ ಇತ್ಯರ್ಥ ಎಂದು ಬರೆದಿದೆ. ಬರೆದದ್ದು ಹಾಳೆಯಲ್ಲೇ ಉಳಿದಿದೆ. ಈ ಕಾಯಿದೆಯಡಿ ನೊಂದ ಹೆಣ್ಣಿಗೆ ನೆರವಾಗಬೇಕಾದ ರಕ್ಷಣಾಧಿಕಾರಿಯ ಕೆಲಸ ನಮ್ಮ ರಾಜ್ಯದಲ್ಲಿ ಬಹುಮಟ್ಟಿಗೆ ಬಿದ್ದಿರುವುದು ಅಂಗನವಾಡಿಗಳ ಉಸ್ತುವಾರಿ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ. ಅದರ ಮೇಲೆ 2006ರಲ್ಲಿ ಸುಪ್ರೀಂ ಕೋರ್ಟ್, ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ ಎಂದುಬಿಟ್ಟಿತು. ನಮ್ಮ ದೇಶದಲ್ಲಿ ಎಷ್ಟು ಮನೆಗಳು ಮಗನ ಹೆಸರಿನಲ್ಲಿರುತ್ತವೆ? ಆ ತೀರ್ಪನ್ನು ಸರಿಪಡಿಸಲು 2020 ಬರಬೇಕಾಯಿತು. ಹದಿನಾಲ್ಕು ವರ್ಷ.

ಇಂಥ ಸ್ಥಿತಿಯಲ್ಲಿ ವಕೀಲರು ಹೇಳುವುದು ಒಂದೇ: ಠಾಣೆಯಲ್ಲಿ ದೂರು ಕೊಡಿ, ಆಗ ಅವರು ಮಾತುಕತೆಗೆ ಬರುತ್ತಾರೆ. ಒಡವೆ ವಾಪಸ್ ಪಡೆಯಲು, ಜೀವನಾಂಶಕ್ಕೆ ಒಪ್ಪಿಸಲು ಕ್ರಿಮಿನಲ್ ದೂರು ಒತ್ತಡದ ಸಾಧನವಾಗುತ್ತದೆ. ರಾಜಿಯಾದ ಮೇಲೆ ದೂರು ಬಿದ್ದುಹೋಗುತ್ತದೆ. ಖುಲಾಸೆಗಳ ಪಟ್ಟಿ ಬೆಳೆಯುತ್ತದೆ. ನೋಡಿ, ಎಲ್ಲ ಸುಳ್ಳು ದೂರುಗಳು ಎಂದು ಆ ಪಟ್ಟಿಯನ್ನೇ ಹಿಡಿದು ತೋರಿಸುತ್ತಾರೆ. ಮನೆಯ ಎಲ್ಲ ಬಾಗಿಲುಗಳಿಗೂ ಬೀಗ ಹಾಕಿ ಒಂದನ್ನು ಮಾತ್ರ ತೆರೆದಿಟ್ಟು, ಎಲ್ಲರೂ ಇಲ್ಲೇ ಏಕೆ ನುಗ್ಗುತ್ತೀರಿ ಎಂದು ಗದರಿಸಿದ ಹಾಗೆ ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇದು ದೇಶದಲ್ಲೇ ಅತಿ ಹೆಚ್ಚು. ಹಿಂಸೆಗೊಳಗಾದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದ ಮಟ್ಟದಲ್ಲಿ ಶೇ 14 ಮಾತ್ರ. ದುರುಪಯೋಗದ ಚರ್ಚೆ ನಡೆಸುವವರು ಈ ಎರಡು ಅಂಕಿಗಳನ್ನು ಮೊದಲು ಎದುರಿಸಲಿ.

ತ್ರಿವಳಿ ತಲಾಖ್ ವಿಷಯದಲ್ಲೂ ಹೀಗೇ ಆಯಿತು. ಮುಸ್ಲಿಂ ಮಹಿಳೆಯರು ಒಂದೇ ಉಸಿರಿನ ತಲಾಖ್ ಅಸಿಂಧುವಾಗಲಿ ಎಂದು ಕೇಳಿದ್ದರು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. 2019ರ ಕಾಯಿದೆ ಅದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸ ಸೇರಿಸಿತು. ಸೆರೆಯಲ್ಲಿರುವ ಗಂಡ ಜೀವನಾಂಶ ಎಲ್ಲಿಂದ ಕೊಡುತ್ತಾನೆ ಎಂದು ಅಂದು ಫ್ಲೇವಿಯಾ ಆಗ್ನೆಸ್ ಅವರಂಥ ವಕೀಲೆಯರು ಕೇಳಿದ ಪ್ರಶ್ನೆ ಇಂದಿಗೂ ಹಾಗೆಯೇ ನಿಂತಿದೆ. ಮಕ್ಕಳ ರಕ್ಷಣೆಗೆಂದು 2012ರಲ್ಲಿ ಬಂದ ಪೋಕ್ಸೊ ಕಾಯಿದೆ ಸಮ್ಮತಿಯ ವಯಸ್ಸನ್ನು 16ರಿಂದ 18ಕ್ಕೆ ಏರಿಸಿತು. ಜಾತಿ ದಾಟಿ ಪ್ರೀತಿಸಿ ಊರು ಬಿಟ್ಟ ಹದಿನೇಳರ ಹುಡುಗಿಯ ಅಪ್ಪನಿಗೆ ಅದು ಹುಡುಗನನ್ನು ಜೈಲಿಗಟ್ಟುವ ದಾರಿಯಾಯಿತು. ಇಂಥ ಪ್ರಕರಣಗಳನ್ನು ನೋಡಿ ನೋಡಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಪರಿಶೀಲಿಸಲಿ ಎಂದಿತು.

ಹಕ್ಕೇ ಇಲ್ಲದವರ ಕಡೆಯಿಂದ ನೋಡಿದರೆ

ಇಷ್ಟೆಲ್ಲ ಓದಿದ ಮೇಲೆ ಕಾನೂನಿನ ಸಹವಾಸವೇ ಬೇಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆ ತೀರ್ಮಾನಕ್ಕೆ ಬರಬಲ್ಲವರು ಯಾರು ಎಂದು ಕೇಳಿದವರು ಅಮೆರಿಕದ ಕಪ್ಪು ಕಾನೂನು ಚಿಂತಕಿ ಪೆಟ್ರೀಷಿಯಾ ವಿಲಿಯಮ್ಸ್. ಅವರೂ ಅವರ ಬಿಳಿಯ ಸಹೋದ್ಯೋಗಿ ಪೀಟರ್ ಗೇಬಲ್ ಅವರೂ ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಹುಡುಕಿದರು. ಗೇಬಲ್ ಯಾವ ಕರಾರೂ ಇಲ್ಲದೆ, ಕೈಕುಲುಕಿ, ಮುಂಗಡ ಹಣ ಕೊಟ್ಟು ಬಂದರು. ಪರಸ್ಪರ ನಂಬಿಕೆ ಮೂಡಲಿ ಎಂಬುದು ಅವರ ಆಸೆ. ವಿಲಿಯಮ್ಸ್ ಮಾತ್ರ, ಬಾಡಿಗೆಗೆ ಕೊಟ್ಟವರು ಪರಿಚಯದವರೇ ಆಗಿದ್ದರೂ, ವಿವರವಾದ ಕರಾರುಪತ್ರಕ್ಕೆ ಸಹಿ ಹಾಕಿದರು. ಶತಮಾನಗಳ ಕಾಲ ತಮ್ಮವರನ್ನು ಆಸ್ತಿಯಂತೆ ಮಾರಿದ ದೇಶದಲ್ಲಿ, ಒಪ್ಪಂದಕ್ಕೆ ಸಹಿ ಹಾಕುವ ವ್ಯಕ್ತಿಯಾಗಿ ಗುರುತಿಸಿಕೊಳ್ಳುವುದು ಅವರಿಗೆ ದೊಡ್ಡ ಮಾತಾಗಿತ್ತು. ನಂಬಿಕೆಯ ಮೇಲೆ ಬದುಕುವುದು, ನಂಬಿಸಿ ಮೋಸ ಮಾಡಿದರೂ ಬೀದಿಗೆ ಬೀಳದವರಿಗೆ ಮಾತ್ರ ಸಾಧ್ಯ.

ಇದನ್ನು ಭಾರತದ ದಲಿತ ಸ್ತ್ರೀವಾದಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಪಂಚಾಯಿತಿಕಟ್ಟೆ, ಸಂಪ್ರದಾಯ, ಸಮುದಾಯದ ರಾಜಿ ಇವುಗಳ ತೀರ್ಪು ಯಾರ ಪರ ಬರುತ್ತದೆಂದು ಅವರಿಗೆ ಗೊತ್ತು. ಅದಕ್ಕಾಗಿಯೇ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಯನ್ನು ದುರ್ಬಲಗೊಳಿಸುವ ಪ್ರತಿ ಪ್ರಯತ್ನವನ್ನೂ ಅವರು ಬೀದಿಗಿಳಿದು ಎದುರಿಸಿದ್ದಾರೆ. ಹಿಂದೂ ಸಂಹಿತೆ ಮಸೂದೆ ಮೂಲೆಗೆ ಬಿದ್ದಾಗ, 1951ರಲ್ಲಿ ಅಂಬೇಡ್ಕರ್ ಸಚಿವ ಸ್ಥಾನ ತ್ಯಜಿಸಲು ಅದೂ ಒಂದು ಮುಖ್ಯ ಕಾರಣವಾಗಿತ್ತು. ಹೆಣ್ಣಿನ ಆಸ್ತಿ ಹಕ್ಕು ಮತ್ತು ವಿಚ್ಛೇದನಕ್ಕಾಗಿ ಮಂತ್ರಿಪದವಿ ಬಿಟ್ಟ ಇನ್ನೊಬ್ಬರ ಹೆಸರನ್ನು ಈ ದೇಶದ ಇತಿಹಾಸದಲ್ಲಿ ನಾನು ಕಾಣೆ.

ಆಸ್ತಿಯ ವಿಷಯದಲ್ಲಿ ಕನ್ನಡ ನಾಡು ಹೆಮ್ಮೆಪಡಬಹುದಾದ ಚರಿತ್ರೆ ಹೊಂದಿದೆ. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಹಕ್ಕು ಕೊಡುವ ಕಾಯಿದೆಯನ್ನು ಮೈಸೂರು ಸಂಸ್ಥಾನ 1933ರಲ್ಲೇ ತಂದಿತ್ತು. ಹಿಂದೂ ಕಾನೂನಿನ ಸುಧಾರಣೆಗೆ 1941ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮಾನ ಪಾಲುದಾರರನ್ನಾಗಿ ಮಾಡಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿರಲಿ ಇಲ್ಲದಿರಲಿ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಗೊಂದಲ ಬಗೆಹರಿಸಿತು.

ಈಗ ಯಾವುದಾದರೂ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಬೆಳಿಗ್ಗೆ ನಿಂತು ನೋಡಿ. ಪತ್ರ ಬರಹಗಾರರ ಮೇಜಿನ ಸುತ್ತ ಅಣ್ಣತಮ್ಮಂದಿರು, ಬೆಂಚಿನ ಮೇಲೆ ಊರಿಂದ ಬಸ್ ಹತ್ತಿ ಬಂದ ಅಕ್ಕತಂಗಿಯರು. ಹಕ್ಕು ಬಿಡುಗಡೆ ಪತ್ರದಲ್ಲಿ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಪಡೆದುಕೊಂಡು ಸ್ವಸಂತೋಷದಿಂದ ನನ್ನ ಹಕ್ಕನ್ನು ಬಿಟ್ಟಿದ್ದೇನೆ ಎಂಬ ಒಕ್ಕಣೆ. ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ, ಫೋಟೊ ಕೊಟ್ಟು ಏಳುತ್ತಾರೆ. ಯಾರೂ ಹೊಡೆದು ಬಡಿದು ಸಹಿ ಹಾಕಿಸಿರುವುದಿಲ್ಲ. ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಮಗಳ ಮದುವೆಯಲ್ಲಿ ಸೋದರಮಾವ ನಿಲ್ಲುವುದಿಲ್ಲ, ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ಹೋಗಲು ಇನ್ನೊಂದು ಮನೆ ಇರುವುದಿಲ್ಲ. ಕಾನೂನು ಅವಳಿಗೆ ಕೊಟ್ಟ ಪಾಲನ್ನು ಕಾನೂನಿನ ಕಚೇರಿಯಲ್ಲೇ, ಕಾನೂನಿನ ಮುದ್ರೆಯೊಂದಿಗೇ, ಅವಳ ಕೈಯಿಂದಲೇ ವಾಪಸ್ ಪಡೆಯಲಾಗುತ್ತದೆ. ಸಹಿ ಹಾಕುವುದಿಲ್ಲ ಎಂದು ಪಾಲು ದಾವೆ ಹೂಡಿದವಳನ್ನು ಊರು ಮನೆಮುರುಕಿ ಎನ್ನುತ್ತದೆ.

ಆದರೂ 1994ಕ್ಕೆ ಮುಂಚೆ ಅವಳ ಸಹಿಯನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಈಗ ಕೇಳಬೇಕು. ಆ ಕೇಳುವ ಗಳಿಗೆಯಲ್ಲಿ ಅವಳಿಗೊಂದು ಮಾತಿನ ಅವಕಾಶವಿದೆ. ಒಬ್ಬಳು ಅರ್ಧ ಎಕರೆಯನ್ನಾದರೂ ಉಳಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಪಹಣಿಯಲ್ಲಿ ಹೆಸರು ಇರಲಿ ಎನ್ನುತ್ತಾಳೆ. ಇಷ್ಟನ್ನು ಕಾನೂನು ಮಾಡಬಲ್ಲದು, ಇದಕ್ಕಿಂತ ಹೆಚ್ಚಿನದನ್ನು ಒಬ್ಬಂಟಿಯಾಗಿ ಮಾಡಲಾರದು. ಬಾಗಿನ ನಿಂತುಹೋದಾಗ ಅವಳ ಜೊತೆ ನಿಲ್ಲುವ ಸ್ವಸಹಾಯ ಸಂಘವೋ ಗೆಳತಿಯರ ಬಳಗವೋ ಇದ್ದರೆ ಮಾತ್ರ ಪಾಲು ದಾವೆ ನಡೆಯುತ್ತದೆ.

ಬಾಕಿ ಇರುವ ಪ್ರಕರಣ

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ದಾಂಪತ್ಯದೊಳಗಿನ ಅತ್ಯಾಚಾರದ ಪ್ರಶ್ನೆಗೆ ಮರಳೋಣ. 2022ರ ಮೇನಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಗಂಡನ ವಿನಾಯಿತಿಯನ್ನು ಉಳಿಸಿಕೊಂಡಿದೆ, ಹೆಂಡತಿಗೆ 18 ತುಂಬಿರಬೇಕು ಅಷ್ಟೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ, ಮದುವೆಯಿಂದ ಹೆಂಡತಿಯ ಸಮ್ಮತಿ ಅಳಿದುಹೋಗುವುದಿಲ್ಲವಾದರೂ ಗಂಡನ ಮೇಲೆ ಅತ್ಯಾಚಾರದ ಆರೋಪ ಹೊರಿಸುವುದು ಅತಿ ಕಠಿಣವಾಗುತ್ತದೆ ಎಂದು ಹೇಳಿತು. ಹನ್ನೆರಡು ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ 2018ರಲ್ಲಿ ಮರಣದಂಡನೆ ತರುವಾಗ ಕಠಿಣತೆಯ ಚಿಂತೆ ಕಾಡಿರಲಿಲ್ಲ. ಮನೆಯ ಯಜಮಾನನ ವಿಷಯ ಬಂದಾಗ ಕಾಡಿತು.

ಈ ನಡುವೆ ವಿಚಿತ್ರವೊಂದು ನಡೆದಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತದ ಕಾಯಿದೆಯ ಉದ್ದೇಶಕ್ಕೆ ಅತ್ಯಾಚಾರ ಎಂಬುದರಲ್ಲಿ ಗಂಡನ ಅತ್ಯಾಚಾರವೂ ಸೇರುತ್ತದೆ ಎಂದಿತು. ಹಾಗಾಗಿ ಇಂದು ಹೆಂಡತಿಯೊಬ್ಬಳು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಂಡನ ಅತ್ಯಾಚಾರದಿಂದ ಗರ್ಭಿಣಿಯಾದೆ ಎಂದರೆ, ವೈದ್ಯರು 24 ವಾರಗಳವರೆಗಿನ ಗರ್ಭವನ್ನು ತೆಗೆಯಬಹುದು. ಅಲ್ಲಿಂದ ಎದ್ದು ಎದುರಿನ ಠಾಣೆಗೆ ಹೋದರೆ, ಅತ್ಯಾಚಾರವೇ ನಡೆದಿಲ್ಲ ಎನ್ನುತ್ತದೆ ಅಲ್ಲಿನ ಸಂಹಿತೆ. ಒಂದೇ ಘಟನೆ, ಒಂದೇ ದೇಹ, ರಸ್ತೆ ದಾಟಿದರೆ ಸತ್ಯ ಬೇರೆ.

ದಂಡನೆಯ ಬಗ್ಗೆ ಇಷ್ಟು ಅನುಮಾನ ಇಟ್ಟುಕೊಂಡವರು ಈ ವಿನಾಯಿತಿ ರದ್ದಾಗಲಿ ಎಂದು ಹೇಗೆ ಕೇಳಬಹುದು? ನನ್ನ ಉತ್ತರ ನೇರವಾಗಿದೆ. ಇಲ್ಲಿ ಪ್ರಭುತ್ವಕ್ಕೆ ಹೊಸ ಶಿಕ್ಷೆಯೊಂದನ್ನು ಕೊಡಿ ಎಂದು ಕೇಳುತ್ತಿಲ್ಲ. ಕಾನೂನೇ ಒಬ್ಬ ವ್ಯಕ್ತಿಗೆ, ಗಂಡ ಎಂಬ ಒಂದೇ ಕಾರಣಕ್ಕೆ, ಬರೆದುಕೊಟ್ಟಿರುವ ಪರವಾನಗಿಯನ್ನು ಹಿಂಪಡೆಯಿರಿ ಎನ್ನುತ್ತಿದ್ದೇವೆ. ಆ ಪರವಾನಗಿ ಪುಸ್ತಕದಲ್ಲಿರುವವರೆಗೆ ಠಾಣೆಗೆ ಹೋಗದ ಹೆಂಗಸಿನ ಮಲಗುವ ಕೋಣೆಯಲ್ಲೂ ಅದು ಕೆಲಸ ಮಾಡುತ್ತಿರುತ್ತದೆ. ವಿನಾಯಿತಿ ಹೋದ ಮರುದಿನ ಸಾವಿರಾರು ಗಂಡಂದಿರು ಜೈಲಿಗೆ ಹೋಗುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಶೇ 14ರಷ್ಟು ಮಂದಿ ಮಾತ್ರ ಯಾರಿಗಾದರೂ ಬಾಯಿಬಿಡುವ ದೇಶ ಇದು.

ವಿನಾಯಿತಿ ರದ್ದಾದ ಮೇಲೆ ಠಾಣೆಗೆ ಹೋಗುವ ಆ ಕೆಲವರು ಅಂದು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ಇನ್ನೂ ಕಷ್ಟದ ಪ್ರಶ್ನೆ, ಅದಕ್ಕೆ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಉತ್ತರ ಸಿಗಲಾರದು. ಅದಕ್ಕೆ ಬೇರೆ ಹೊರೆ ಹೊರದ, ಪೂರ್ಣಾವಧಿಯ ರಕ್ಷಣಾಧಿಕಾರಿ ಪ್ರತಿ ತಾಲ್ಲೂಕಿನಲ್ಲೂ ಇರಬೇಕು. ಮಕ್ಕಳೊಂದಿಗೆ ಉಳಿಯಬಹುದಾದ ತಂಗುಮನೆ ಜಿಲ್ಲಾ ಕೇಂದ್ರದಲ್ಲಷ್ಟೇ ಇದ್ದರೆ ಸಾಲದು. ಮಧ್ಯಂತರ ಜೀವನಾಂಶದ ಅರ್ಜಿ ಕಾಯಿದೆಯಲ್ಲಿ ಬರೆದ ಅರವತ್ತು ದಿನಗಳಲ್ಲಿ ನಿಜವಾಗಿಯೂ ಇತ್ಯರ್ಥವಾಗಬೇಕು. ಇವಕ್ಕೆ ಹಣ ಎತ್ತಿಡಬೇಕಾದದ್ದು ರಾಜ್ಯದ ಬಜೆಟ್. ಸುಪ್ರೀಂ ಕೋರ್ಟಿನಲ್ಲಿ 2022ರಲ್ಲಿ, ಗಂಡನ ವಿರುದ್ಧದ ಮೊಕದ್ದಮೆ ರದ್ದುಪಡಿಸಲು ಒಪ್ಪದ ಕರ್ನಾಟಕ ಹೈಕೋರ್ಟಿನ ತೀರ್ಪನ್ನು ಬೆಂಬಲಿಸಿ ಪ್ರಮಾಣಪತ್ರ ಸಲ್ಲಿಸಿದ್ದು ಕರ್ನಾಟಕ ಸರ್ಕಾರವೇ. ಪಕ್ಷ ಬದಲಾಗಿದೆ, ಸರ್ಕಾರ ಬದಲಾಗಿದೆ. ಆ ಪ್ರಮಾಣಪತ್ರಕ್ಕೆ ತಕ್ಕ ಮೊತ್ತ ಬಜೆಟ್ಟಿನಲ್ಲಿ ಎಲ್ಲಿದೆ ಎಂದು ಕೇಳುವ ಕೆಲಸ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ.